ಹಲ್ಲು, ಹಾಲು ಮತ್ತು ಇಂಗ್ಲಿಷ್ ಸ್ಪೆಲ್ಲಿಂಗ್: ಒಂದು ಮನೆಪಾಠದ ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೂರನೇ ತರಗತಿಯಲ್ಲಿ ಓದುತ್ತಿದ್ದ ಎಂಟು ವರ್ಷದ ಬಾಲಕಿಗೆ ಆಕೆಯ ತಾಯಿ ಮನೆಯಲ್ಲಿಯೇ ಇಂಗ್ಲಿಷ್ ಸ್ಪೆಲ್ಲಿಂಗ್ ಅಭ್ಯಾಸ ಮಾಡಿಸಿದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ನನ್ನ ಪಾತ್ರ ಸಲಹೆ ನೀಡುವುದಕ್ಕೆ ಮತ್ತು ಮಗುವಿನ ನೋಟ್‌ಪುಸ್ತಕಗಳನ್ನು ಆಗಾಗ ಓದಿ ನೋಡುವುದಕ್ಕೆ ಸೀಮಿತವಾಗಿತ್ತು. ದಿನನಿತ್ಯದ ಕೆಲಸವೆಲ್ಲ ತಾಯಿಯದು. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಇಂಗ್ಲಿಷ್ ಪದಗಳ ಅಕ್ಷರಗಳನ್ನು ನಾವು ಮನೆಗಳಲ್ಲಿ ಬಾಯಿಪಾಠ ಹೇಳಿಸುವಾಗ ಹೇಳುವಂತೆಯೇ, ಅಂದರೆ ಪಿ–ಇ–ಎನ್ ಎಂಬ ರೀತಿಯಲ್ಲಿ ಬರೆದಿದ್ದೇನೆ.

ಮನೆಮಾತು ಕನ್ನಡ. ತಾಯಿ ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರು, ತಂದೆಗೆ ಅಂಗಡಿ ವ್ಯವಹಾರ. ಮಗು ಓದುತ್ತಿದ್ದುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಅಲ್ಲಿ ವಾರಕ್ಕೊಮ್ಮೆ ಡಿಕ್ಟೇಷನ್ ಇರುತ್ತಿತ್ತು. ಓದುವುದರಲ್ಲಿ ಆಕೆ ಹಿಂದೆ ಬಿದ್ದಿರಲಿಲ್ಲ, ಕನ್ನಡವನ್ನಂತೂ ವಯಸ್ಸಿಗೆ ಮೀರಿ ಚೆನ್ನಾಗಿ ಓದುತ್ತಿದ್ದಳು. ಇಂಗ್ಲಿಷ್ ಬರೆಯುವಾಗ ಮಾತ್ರ ತಪ್ಪುಗಳು ಹೆಚ್ಚಿದ್ದವು, ಮತ್ತು ಅವು ಕಡಿಮೆಯಾಗುವ ಲಕ್ಷಣ ಕಾಣುತ್ತಿರಲಿಲ್ಲ. ತಪ್ಪಾದ ಪದವನ್ನು ಹತ್ತು ಸಲ ಬರೆಯುವುದು ಮನೆಯಲ್ಲಿ ಅದುವರೆಗೆ ನಡೆದುಬಂದ ಪರಿಹಾರವಾಗಿತ್ತು. ಆ ಪುಟಗಳನ್ನು ನೋಡಿದರೆ ಆಕೆ ಪದವನ್ನು ಬರೆದೇ ಇರಲಿಲ್ಲವೆಂಬುದು ತಿಳಿಯುತ್ತಿತ್ತು: ಮೊದಲು ಪಿ ಅಕ್ಷರವನ್ನು ಮೇಲಿಂದ ಕೆಳಕ್ಕೆ ಹತ್ತು ಸಾಲು, ಆಮೇಲೆ ಅದರ ಪಕ್ಕದಲ್ಲಿ ಇ ಅಕ್ಷರವನ್ನು ಹತ್ತು ಸಾಲು, ಹೀಗೆ ಕಂಬಗಳನ್ನು ನಿಲ್ಲಿಸಿ ಕೆಲಸ ಮುಗಿಸಿದ್ದಳು. ಇದನ್ನು ಮಗುವಿನ ಸೋಮಾರಿತನವೆಂದು ನಾನು ಭಾವಿಸುವುದಿಲ್ಲ. ಅರ್ಥವಿಲ್ಲದ ಕೆಲಸವನ್ನು ಬೇಗ ಮುಗಿಸುವ ದಾರಿಯನ್ನು ಯಾವ ಬುದ್ಧಿವಂತ ಮಗುವಾದರೂ ಕಂಡುಕೊಳ್ಳುತ್ತದೆ.

ತಪ್ಪುಗಳನ್ನು ಓದಿದ ಬಗೆ

ಹೊಸ ಅಭ್ಯಾಸ ಆರಂಭಿಸುವ ಮೊದಲು ಆಕೆ ತಾನಾಗಿ ಬರೆದ ವಾಕ್ಯಗಳಲ್ಲಿದ್ದ ತಪ್ಪುಗಳನ್ನೂ ಸರಿಗಳನ್ನೂ ಒಟ್ಟಿಗೆ ಪಟ್ಟಿ ಮಾಡಲು ತಾಯಿಗೆ ಹೇಳಿದೆ. ಸರಿಗಳನ್ನು ಯಾಕೆ ಬರೆಯಬೇಕೆಂದು ಅವರು ಕೇಳಿದರು. ಸರಿಗಳಿಲ್ಲದೆ ಈ ಪ್ರಕರಣ ಬಿಡಿಸಿಕೊಳ್ಳುತ್ತಲೇ ಇರಲಿಲ್ಲ.

ಪಟ್ಟಿಯಲ್ಲಿ ಎದ್ದು ಕಂಡದ್ದು ಇದು. ಪೆನ್ ಎಂಬುದಕ್ಕೆ ಆಕೆ ಪಿ–ಇ–ಎನ್–ಎನ್ ಎಂದು ಬರೆದಿದ್ದಳು. ಕಪ್ ಪದದಲ್ಲಿ ಎರಡು ಪಿ, ಬಸ್ ಪದದಲ್ಲಿ ಎರಡು ಎಸ್ ಇದ್ದವು. ಆದರೆ ಬ್ಯಾಗ್, ವ್ಯಾನ್, ಟಾಪ್ ಮೊದಲಾದ ಪದಗಳಲ್ಲಿ ಇಂಥ ತಪ್ಪಿರಲಿಲ್ಲ, ಕೊನೆಯ ಅಕ್ಷರ ಒಂದೇ ಇತ್ತು. ಇಂಗ್–ಪ್ರತ್ಯಯ ಸೇರಿದ ಪದಗಳಿಗೆ ಬಂದರೆ ಚಿತ್ರ ತಿರುಗಿಬೀಳುತ್ತಿತ್ತು: ರನ್ನಿಂಗ್, ಕಟ್ಟಿಂಗ್, ಸಿಟ್ಟಿಂಗ್ ಪದಗಳನ್ನು ಆಕೆ ಎರಡೆರಡು ವ್ಯಂಜನಗಳೊಂದಿಗೆ ಸರಿಯಾಗಿ ಬರೆದಿದ್ದಳು, ಶಾಪಿಂಗ್, ಬ್ಯಾಟಿಂಗ್, ಕ್ಲ್ಯಾಪಿಂಗ್ ಪದಗಳಲ್ಲಿ ಮಾತ್ರ ಒಂದೇ ವ್ಯಂಜನ ಬರೆದು ತಪ್ಪು ಮಾಡಿದ್ದಳು. ಡಿಕ್ಟೇಷನ್ ಪುಸ್ತಕದ ದೃಷ್ಟಿಯಿಂದ ಇವೆಲ್ಲ ಚದುರಿದ ತಪ್ಪುಗಳು. ಕನ್ನಡದ ಕಿವಿಯಿಂದ ಕೇಳಿದರೆ ಇವು ಒಂದೇ ನಿಯಮದ ಫಲಗಳು.

ಆ ನಿಯಮವನ್ನು ನಾವೆಲ್ಲ ದಿನವೂ ಪಾಲಿಸುತ್ತೇವೆ. ವ್ಯಂಜನದಲ್ಲಿ ಮುಗಿಯುವ ಪದವನ್ನು ಕನ್ನಡಕ್ಕೆ ತಂದುಕೊಳ್ಳುವಾಗ ಕೊನೆಗೆ ಉಕಾರ ಸೇರಿಸುತ್ತೇವೆ. ಹಾಗೆ ಸೇರಿಸುವಾಗ ಪದದ ಸ್ವರ ಹ್ರಸ್ವವಾಗಿದ್ದರೆ ವ್ಯಂಜನಕ್ಕೆ ಒತ್ತು ಕೊಡುತ್ತೇವೆ, ದೀರ್ಘವಾಗಿದ್ದರೆ ಕೊಡುವುದಿಲ್ಲ. ಬಸ್ಸು, ಪೆನ್ನು, ಪಿನ್ನು, ಕಪ್ಪು, ಮಗ್ಗು, ಬೆಡ್ಡು, ಕ್ಲಬ್ಬು ಎನ್ನುತ್ತೇವೆ. ಕಾರು, ಗೇಟು, ಕೇಕು, ರೋಡು, ನೋಟು ಎನ್ನುತ್ತೇವೆ. ಇದು ಇಂಗ್ಲಿಷ್ ಪದಗಳಿಗಾಗಿ ಹೊಸದಾಗಿ ಹುಟ್ಟಿದ ರೂಢಿಯೂ ಅಲ್ಲ. ಹಳಗನ್ನಡದ ಕಣ್, ಕಲ್, ಮಣ್ ಎಂಬ ರೂಪಗಳು ಕಣ್ಣು, ಕಲ್ಲು, ಮಣ್ಣು ಆದವು. ಕಾಲ್, ನೀರ್, ಮೀನ್ ಎಂಬವು ಕಾಲು, ನೀರು, ಮೀನು ಆದವು. ಛಂದಸ್ಸು ಬಲ್ಲವರಿಗೆ ಇದರ ತೂಕ ಕೂಡಲೇ ತಿಳಿಯುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು, ದೀರ್ಘಾಕ್ಷರವೂ ಗುರು. ಆದ್ದರಿಂದ ಬಸ್ಸು ಮತ್ತು ಕಾರು ಎರಡೂ ಒಂದು ಗುರು, ಒಂದು ಲಘುವಿನ ಪದಗಳೇ ಆಗಿ ಉಳಿಯುತ್ತವೆ. ಒತ್ತಿಲ್ಲದೆ ‘ಬಸು’ ಎಂದರೆ ಪದ ಹಗುರವಾಗಿ ನಾಲಿಗೆಗೆ ಒಗ್ಗುವುದಿಲ್ಲ.

ಇಂಗ್ಲಿಷ್ ಬರವಣಿಗೆಯಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತದೆ ಎಂಬುದು ಈ ಪ್ರಕರಣದ ತಿರುಳು. ಅಲ್ಲಿಯೂ ಹ್ರಸ್ವ ಸ್ವರದ ಮುಂದೆ ಜೋಡಿ ವ್ಯಂಜನ, ದೀರ್ಘದ ಮುಂದೆ ಒಂಟಿ ವ್ಯಂಜನ. ಹಾಗಿದ್ದರೆ ಮಗು ತಪ್ಪಿದ್ದೆಲ್ಲಿ? ಎರಡು ಕಡೆ. ಮೊದಲನೆಯದಾಗಿ, ಪದದ ಕೊನೆಯಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ಜೋಡಿ ವ್ಯಂಜನ ಬರೆಯುವುದಿಲ್ಲ. ಪ್ರತ್ಯಯ ಬಂದಾಗಲಷ್ಟೇ ಅದು ಕಾಣಿಸಿಕೊಳ್ಳುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಇಂಗ್ಲಿಷ್ ವ್ಯಾಕರಣ ಹ್ರಸ್ವವೆಂದು ಎಣಿಸುವ ಎರಡು ಸ್ವರಗಳು ಕನ್ನಡದ ಬಾಯಿಯಲ್ಲಿ ದೀರ್ಘವಾಗುತ್ತವೆ: ಬ್ಯಾಟ್, ಕ್ಯಾಪ್, ಮ್ಯಾಪ್ ಪದಗಳ ಎ ಮತ್ತು ಶಾಪ್, ಟಾಪ್, ಲಾಕ್ ಪದಗಳ ಓ. ಹಾಗಾಗಿಯೇ ನಾವು ಬ್ಯಾಟು, ಶಾಪು ಎನ್ನುತ್ತೇವೆಯೇ ಹೊರತು ಒತ್ತು ಹಾಕುವುದಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಸ್ಪಿನ್ನರ್, ರನ್ನರ್ ಎಂದು ಒತ್ತಿನೊಂದಿಗೂ ಬ್ಯಾನರ್, ಸ್ಕ್ಯಾನರ್, ಟಾಪರ್ ಎಂದು ಒತ್ತಿಲ್ಲದೆಯೂ ಅಚ್ಚಾಗುವುದಕ್ಕೆ ಇದೇ ಕಾರಣ. ಇಂಗ್ಲಿಷಿನಲ್ಲಿ ಈ ಐದೂ ಪದಗಳಿಗೆ ಜೋಡಿ ವ್ಯಂಜನವಿದೆ. ಬಾಲಕಿ ಕಿವಿಯನ್ನು ನಂಬಿ ಬರೆದಿದ್ದಳು. ಕಿವಿ ಸುಳ್ಳು ಹೇಳಿರಲಿಲ್ಲ, ಕನ್ನಡದ ಲೆಕ್ಕ ಹೇಳಿತ್ತು.

ಪ್ರಾಸಂಗಿಕವಾಗಿ ಒಂದು ಮಾತು. 12ನೇ ಶತಮಾನದಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಸೀಮೆಯಲ್ಲಿದ್ದ ಓರ್ಮ್ ಎಂಬ ಸನ್ಯಾಸಿ, ತನ್ನ ದೀರ್ಘ ಧಾರ್ಮಿಕ ಪದ್ಯಗ್ರಂಥವನ್ನು ಓದುವವರು ಉಚ್ಚಾರ ತಪ್ಪಬಾರದೆಂದೋ ಏನೋ, ಹ್ರಸ್ವ ಸ್ವರದ ನಂತರ ಬರುವ ವ್ಯಂಜನವನ್ನು ಪದದ ಕೊನೆಯಲ್ಲಿಯೂ ಬಿಡದೆ ಎರಡೆರಡು ಸಲ ಬರೆದ. ತನ್ನ ಹೆಸರಿನಲ್ಲಿಯೇ ಎರಡು ಆರ್ ಇಟ್ಟುಕೊಂಡ. ಎರಡು ಎನ್ ಇರುವ ಪೆನ್ ಅವನಿಗೆ ಕೊಂಚವೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಇದನ್ನು ಕೇಳಿದ ಮೇಲೆ ಮಗಳ ನೋಟ್‌ಪುಸ್ತಕವನ್ನು ತಾಯಿ ನೋಡುವ ರೀತಿಯೇ ಬದಲಾಯಿತು.

ಅಭ್ಯಾಸದ ಕ್ರಮ

ದಸರಾ ರಜೆ ಮುಗಿದ ಮೇಲೆ ಅಭ್ಯಾಸ ಆರಂಭವಾಯಿತು. ಸಂಜೆ ತಿಂಡಿಯ ನಂತರ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಹಳೆಯ ಮದುವೆಯ ಆಮಂತ್ರಣ ಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಪದಗಳ ಕಾರ್ಡುಗಳನ್ನು ಮಾಡಿಕೊಂಡರು. ಕೆಂಪು ಶಾಯಿಯ ಬಳಕೆಯನ್ನು ನಿಲ್ಲಿಸಲಾಯಿತು. ಬದಲಿಗೆ, ಬರೆದ ಮೇಲೆ ತನಗೆ ಅನುಮಾನವಿರುವ ಅಕ್ಷರದ ಕೆಳಗೆ ಮಗುವೇ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಬೇಕಿತ್ತು. ಈ ಸಣ್ಣ ಏರ್ಪಾಡಿನಿಂದ ತಾಯಿಗೆ ಬಹಳ ಲಾಭವಾಯಿತು, ಏಕೆಂದರೆ ಚುಕ್ಕೆಯಿಟ್ಟ ತಪ್ಪು ನಿಯಮ ಇನ್ನೂ ಗಟ್ಟಿಯಾಗದುದನ್ನು ತೋರಿಸಿದರೆ, ಚುಕ್ಕೆಯಿಲ್ಲದ ತಪ್ಪು ಮಗುವಿನ ಮನಸ್ಸಿನಲ್ಲಿ ಬೇರೊಂದು ನಿಯಮ ಗಟ್ಟಿಯಾಗಿ ಕುಳಿತಿರುವುದನ್ನು ತೋರಿಸುತ್ತಿತ್ತು.

ಮೊದಲ ಪಾಠ ಪೂರ್ತಿ ಕನ್ನಡದಲ್ಲಿ ನಡೆಯಿತು. ಹಲ್ಲು–ಹಾಲು, ಕಲ್ಲು–ಕಾಲು ಎಂಬ ಜೋಡಿಗಳನ್ನು ಮಗುವಿನ ಮುಂದಿಟ್ಟು ವ್ಯತ್ಯಾಸವನ್ನು ಆಕೆಯಿಂದಲೇ ಹೇಳಿಸಲಾಯಿತು. ಶಾಲೆಯ ಕನ್ನಡ ಪಾಠದಲ್ಲಿ ಆಗಷ್ಟೇ ಸಜಾತೀಯ ಒತ್ತಕ್ಷರಗಳನ್ನು ಕಲಿಯುತ್ತಿದ್ದ ಆಕೆಗೆ ಇದು ಕಷ್ಟವಾಗಲಿಲ್ಲ. ‘ಗಿಡ್ಡ ಸ್ವರ ಇದ್ದರೆ ಒತ್ತು, ಉದ್ದ ಸ್ವರ ಇದ್ದರೆ ಒತ್ತಿಲ್ಲ’ ಎಂದು ಆಕೆಯೇ ನಿಯಮ ಕಟ್ಟಿದಳು. ಇಂಗ್ಲಿಷಿಗೆ ಕಾಲಿಟ್ಟಾಗ ಈ ವಾಕ್ಯವನ್ನು ಬದಲಿಸಲಿಲ್ಲ. ಗಿಡ್ಡ–ಉದ್ದಗಳನ್ನು ಗುರುತಿಸುವ ಪರೀಕ್ಷೆಯನ್ನಷ್ಟೇ ಬದಲಿಸಿದೆವು.

ಆ ಪರೀಕ್ಷೆ ಹೀಗಿದೆ. ಇಂಗ್ಲಿಷಿನ ಐದು ಸ್ವರಾಕ್ಷರಗಳಿಗೂ ಒಂದೊಂದು ಹೆಸರಿದೆ: ಎ, ಇ, ಐ, ಓ, ಯು. ಪದದಲ್ಲಿ ಸ್ವರಾಕ್ಷರ ತನ್ನ ಹೆಸರನ್ನೇ ಹೇಳುತ್ತಿದ್ದರೆ ಅದು ಉದ್ದ ಸ್ವರ. ಹೆಸರು ಬಿಟ್ಟು ಬೇರೇನು ಹೇಳಿದರೂ ಗಿಡ್ಡ. ಟೇಪ್ ಪದದಲ್ಲಿ ಎ ತನ್ನ ಹೆಸರು ಹೇಳುತ್ತದೆ, ಟ್ಯಾಪ್ ಪದದಲ್ಲಿ ಹೇಳುವುದಿಲ್ಲ. ಹೋಪ್ ಪದದಲ್ಲಿ ಓ ತನ್ನ ಹೆಸರು ಹೇಳುತ್ತದೆ, ಹಾಪ್ ಪದದಲ್ಲಿ ಹೇಳುವುದಿಲ್ಲ. ಪೈನ್ ಮತ್ತು ಪಿನ್, ಕ್ಯೂಟ್ ಮತ್ತು ಕಟ್ ಜೋಡಿಗಳದ್ದೂ ಇದೇ ಕಥೆ. ಕಿವಿಗೆ ಶಾಪ್ ಎಂಬುದು ಎಷ್ಟೇ ದೀರ್ಘವಾಗಿ ಕೇಳಿಸಲಿ, ಅಲ್ಲಿರುವ ಓ ತನ್ನ ಹೆಸರನ್ನು ಹೇಳದ ಕಾರಣ ಅದು ಗಿಡ್ಡವೇ. ತಾಯಿಯ ದೊಡ್ಡ ಆತಂಕವೊಂದು ಇಲ್ಲಿ ಕಳೆಯಿತು. ತಮ್ಮ ಉಚ್ಚಾರ ‘ಸರಿಯಿಲ್ಲ’, ತಾವು ಕಲಿಸಿದರೆ ಮಗು ಕೆಡುತ್ತದೆ ಎಂದು ಅವರು ನಂಬಿದ್ದರು. ಈ ಪರೀಕ್ಷೆಗೆ ಲಂಡನ್ನಿನ ಉಚ್ಚಾರ ಬೇಕಿಲ್ಲ. ಹಾಸನದ ಉಚ್ಚಾರದಲ್ಲಿಯೂ ಅದು ಅಷ್ಟೇ ಸರಿಯಾಗಿ ನಡೆಯುತ್ತದೆ.

ಮುಂದಿನ ಹಂತದಲ್ಲಿ ಮೂಕ ಇ ಅಕ್ಷರದ ಕೆಲಸವನ್ನು ತೋರಿಸಲಾಯಿತು. ಮಗು ಗೇಟ್ ಎಂಬುದನ್ನು ಜಿ–ಎ–ಟಿ ಎಂದು ಬರೆಯುತ್ತಿತ್ತು, ಕೊನೆಯ ಇ ಬಿಟ್ಟುಹೋಗುತ್ತಿತ್ತು. ಕನ್ನಡದಲ್ಲಿ ಗೆ ಎಂಬುದನ್ನು ಗೇ ಮಾಡಲು ಅಕ್ಷರದ ಬಲಗಡೆ ದೀರ್ಘದ ಗುರುತನ್ನು ಹಾಕುತ್ತೇವೆ. ಇಂಗ್ಲಿಷಿನಲ್ಲಿ ಆ ಗುರುತಿನ ಕೆಲಸವನ್ನು ಇ ಮಾಡುತ್ತದೆ, ಆದರೆ ನಡುವೆ ಒಂದು ವ್ಯಂಜನವನ್ನು ಬಿಟ್ಟು ಆಚೆ ನಿಲ್ಲುತ್ತದೆ ಎಂದು ವಿವರಿಸಿದಾಗ ಮಗು ಆ ಇ ಅಕ್ಷರಕ್ಕೆ ‘ದೂರದ ದೀರ್ಘ’ ಎಂದು ಹೆಸರಿಟ್ಟಿತು. ಹ್ಯಾವ್, ಗಿವ್ ಪದಗಳಲ್ಲಿ ಇ ಇದ್ದರೂ ಸ್ವರ ತನ್ನ ಹೆಸರು ಹೇಳುವುದಿಲ್ಲವಲ್ಲ ಎಂಬ ಪ್ರಶ್ನೆ ಸಹಜವಾಗಿ ಬಂತು. ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ವಿ ಅಕ್ಷರದಲ್ಲಿ ಕೊನೆಗೊಳ್ಳುವುದಿಲ್ಲ, ಅಲ್ಲಿ ಇ ಬರುವುದು ವಿ ಅಕ್ಷರದ ಬೆನ್ನಿಗೆ ನಿಲ್ಲಲು ಮಾತ್ರ ಎಂಬ ಉತ್ತರ ಆಕೆಗೆ ಒಪ್ಪಿಗೆಯಾಯಿತು. ಕಮ್ ಮತ್ತು ಸಮ್ ಪದಗಳನ್ನು ಮಾತ್ರ ನೆನಪಿನಲ್ಲಿಡುವ ಪದಗಳೆಂದು ಬೇರೆ ಡಬ್ಬಿಗೆ ಹಾಕಲಾಯಿತು.

ಪದದ ಕೊನೆಯ ಜೋಡಿ ವ್ಯಂಜನದ ವಿಷಯ ಬೇಗ ಇತ್ಯರ್ಥವಾಯಿತು. ಗಿಡ್ಡ ಸ್ವರದ ಚಿಕ್ಕ ಪದಗಳ ಕೊನೆಯಲ್ಲಿ ಎಫ್, ಎಲ್, ಎಸ್, ಝಡ್ ಸಾಮಾನ್ಯವಾಗಿ ಜೋಡಿಯಾಗುತ್ತವೆ, ಕೆ ಜೋಡಿಯಾಗುವ ಬದಲು ಸಿ ಅಕ್ಷರವನ್ನು ಜೊತೆಗೆ ಕರೆದುಕೊಳ್ಳುತ್ತದೆ, ಉಳಿದವು ಒಂಟಿ. ಬೆಲ್, ಕ್ಲಾಸ್, ಡಕ್, ಲಾಕ್ ಒಂದು ಕಡೆ, ಪೆನ್, ಕಪ್, ಬೆಡ್ ಇನ್ನೊಂದು ಕಡೆ. ಬಸ್ ಪದದಲ್ಲಿ ಒಂದೇ ಎಸ್ ಯಾಕೆ ಎಂಬುದಕ್ಕೂ ಉತ್ತರವಿದೆ: ಅದು ಓಮ್ನಿಬಸ್ ಎಂಬ ಲ್ಯಾಟಿನ್ ಮೂಲದ ಪದದ ಬಾಲ ಮಾತ್ರ. ಎಗ್ ಪದಕ್ಕೆ ಎರಡು ಜಿ ಬಂದುದೇಕೆ ಎಂದು ಮಗು ಕೇಳಿದಾಗ ತಾಯಿ ನನಗೆ ಫೋನ್ ಮಾಡಿದರು. ಹೆಸರು ಮತ್ತು ಕ್ರಿಯೆಗಳನ್ನು ಸೂಚಿಸುವ ಪದಗಳಿಗೆ ಕನಿಷ್ಠ ಮೂರು ಅಕ್ಷರಗಳಿರಬೇಕೆಂಬ ಒಲವು ಇಂಗ್ಲಿಷಿಗಿದೆ; ಎಗ್, ಆ್ಯಡ್, ಆಡ್ ಪದಗಳು ಹಾಗೆ ಮೈದುಂಬಿಕೊಂಡಿವೆ. ಈ ಒಲವಿಗೂ ಅಪವಾದಗಳಿವೆ, ಗೋ ಎಂಬುದೇ ಒಂದು.

ಕೂಡಿಸುವ ಲೆಕ್ಕ

ಹೆಚ್ಚಿನ ಸಮಯ ಕೊಟ್ಟದ್ದು ಇಂಗ್ ಮತ್ತು ಇಡಿ ಪ್ರತ್ಯಯಗಳನ್ನು ಸೇರಿಸುವ ಕೆಲಸಕ್ಕೆ. ಇದನ್ನು ಗಣಿತದ ಕೂಡಿಸುವ ಲೆಕ್ಕದ ರೂಪದಲ್ಲಿ ಬರೆಸಲಾಯಿತು: ಹಾಪ್ ಕೂಡಿಸು ಇಂಗ್, ಹೋಪ್ ಕೂಡಿಸು ಇಂಗ್. ಮೊದಲನೆಯದರಲ್ಲಿ ಪಿ ಜೋಡಿಯಾಗುತ್ತದೆ. ಎರಡನೆಯದರಲ್ಲಿ ಇ ಬಿದ್ದುಹೋಗುತ್ತದೆ, ಪಿ ಒಂಟಿಯಾಗಿಯೇ ಉಳಿಯುತ್ತದೆ. ಇ ಬಿದ್ದ ಮೇಲೂ ಓ ತನ್ನ ಹೆಸರನ್ನು ಹೇಗೆ ಹೇಳುತ್ತದೆ ಎಂದರೆ, ಇಂಗ್ ಪ್ರತ್ಯಯದ ಐ ಆ ಜಾಗವನ್ನು ವಹಿಸಿಕೊಳ್ಳುತ್ತದೆ. ಹಾಪ್ ಪದದ ಓ ಹಾಗೆ ಹೆಸರು ಹೇಳಿಬಿಡದಂತೆ ನಡುವೆ ಅಡ್ಡ ನಿಲ್ಲಲು ಇನ್ನೊಂದು ಪಿ ಬೇಕಾಗುತ್ತದೆ. ಜೋಡಿ ವ್ಯಂಜನದ ಕಾರಣ ಮಗುವಿಗೆ ತಿಳಿದದ್ದು ಇಲ್ಲಿ. ಅಲ್ಲಿಯವರೆಗೆ ಅದು ದೊಡ್ಡವರು ವಿಧಿಸಿದ ಕಟ್ಟಳೆಯಾಗಿತ್ತು.

ಈ ಹಂತದಲ್ಲಿ ಒಂದು ನಿರ್ಧಾರದ ಬಗ್ಗೆ ತಾಯಿಗೂ ನನಗೂ ಸ್ವಲ್ಪ ಚರ್ಚೆ ನಡೆಯಿತು. ಒಂದು ವಾರ ಪೂರ್ತಿ ಜೋಡಿಯಾಗುವ ಪದಗಳು, ಮುಂದಿನ ವಾರ ಇ ಬೀಳುವ ಪದಗಳು ಎಂದು ವಿಂಗಡಿಸಿದರೆ ಮಗುವಿಗೆ ಸುಲಭವೆಂಬುದು ಅವರ ಅಭಿಪ್ರಾಯ. ಸುಲಭವೇನೋ ಹೌದು, ಆದರೆ ಪಟ್ಟಿಯಲ್ಲಿರುವ ಪ್ರತಿ ಪದವೂ ಜೋಡಿಯಾಗುವುದಾದರೆ ಮಗು ಯೋಚಿಸಬೇಕಾದ ಅಗತ್ಯವೇ ಇರುವುದಿಲ್ಲ, ಕೈ ತಾನಾಗಿ ಎರಡು ಬರೆಯುತ್ತದೆ. ಆದ್ದರಿಂದ ಎರಡೂ ಬಗೆಯ ಪದಗಳನ್ನು ಮೊದಲಿನಿಂದಲೇ ಬೆರೆಸಿ ಕೊಡಲಾಯಿತು, ಹಿಂದಿನ ವಾರದ ಕೆಲವು ಕಾರ್ಡುಗಳು ಪ್ರತಿ ವಾರವೂ ಮತ್ತೆ ಬರುತ್ತಿದ್ದವು. ಆರಂಭದಲ್ಲಿ ತಪ್ಪುಗಳು ಹೆಚ್ಚೇ ಆದವು.

ಮಗುವಿನ ಉತ್ಸಾಹವೂ ಒಂದು ತೊಡಕು ತಂದಿತು. ಜೋಡಿ ಮಾಡುವುದರ ರುಚಿ ಹತ್ತಿದ ಮೇಲೆ ಆಕೆ ರೀಡಿಂಗ್ ಪದಕ್ಕೆ ಎರಡು ಡಿ, ರೇನಿಂಗ್ ಪದಕ್ಕೆ ಎರಡು ಎನ್, ಜಂಪಿಂಗ್ ಪದಕ್ಕೆ ಎರಡು ಪಿ ಬರೆಯತೊಡಗಿದಳು. ಹಿಂದೆ ಸರಿಯಾಗಿ ಬರೆಯುತ್ತಿದ್ದ ಪದಗಳೂ ಕೆಟ್ಟವೆಂದು ಮನೆಯವರು ಗಾಬರಿಯಾದರು. ಹೊಸದಾಗಿ ಕಲಿತ ನಿಯಮವನ್ನು ಮಕ್ಕಳು ಬೇಡದ ಕಡೆಗೂ ಹರಡುವುದು ಭಾಷಾ ಕಲಿಕೆಯಲ್ಲಿ ಎಲ್ಲೆಡೆ ಕಾಣುವ ಸಂಗತಿ, ಅದು ನಿಯಮ ಒಳಗಿಳಿದಿರುವುದಕ್ಕೆ ಸಾಕ್ಷಿ. ಕಿವಿಯ ಪರೀಕ್ಷೆಯ ಜೊತೆಗೆ ಕಣ್ಣಿನ ಪರೀಕ್ಷೆಯೊಂದನ್ನು ಸೇರಿಸಲಾಯಿತು: ಮೂಲ ಪದವನ್ನು ಕೊನೆಯಿಂದ ಹಿಂದಕ್ಕೆ ನೋಡು, ಕೊನೆಯಲ್ಲಿ ಒಂದೇ ವ್ಯಂಜನ, ಅದರ ಹಿಂದೆ ಒಂದೇ ಸ್ವರಾಕ್ಷರ ಇದ್ದರೆ ಮಾತ್ರ ಜೋಡಿ ಮಾಡು. ರೀಡ್ ಮತ್ತು ರೇನ್ ಪದಗಳಲ್ಲಿ ಸ್ವರಾಕ್ಷರಗಳು ಎರಡು, ಜಂಪ್ ಪದದಲ್ಲಿ ಕೊನೆಯ ವ್ಯಂಜನಗಳು ಎರಡು. ಫಿಕ್ಸ್ ಪದದ ಎಕ್ಸ್ ಒಂದೇ ಅಕ್ಷರವಾದರೂ ಅದರಲ್ಲಿ ಕ್ ಮತ್ತು ಸ್ ಎರಡೂ ಅಡಗಿರುವುದರಿಂದ ಅದು ಜೋಡಿಯಾಗುವುದಿಲ್ಲ.

ಡಿಕ್ಟೇಷನ್ ಮಾಡಿಸುವ ಪದ್ಧತಿಯನ್ನೂ ಬದಲಿಸಿದೆವು. ಶಾಪಿಂಗ್ ಎಂಬ ಪದ ಕೇಳಿದ ಕೂಡಲೇ ಬರೆಯುವಂತಿಲ್ಲ. ಮೊದಲು ಮೂಲ ಪದ ಯಾವುದೆಂದು ಬಾಯಲ್ಲಿ ಹೇಳಬೇಕು, ಸ್ವರ ತನ್ನ ಹೆಸರು ಹೇಳುತ್ತದೆಯೇ ಎಂದು ನೋಡಬೇಕು, ಆಮೇಲೆ ಬರೆಯಬೇಕು. ಕನ್ನಡ ಓದುವ ಮಕ್ಕಳಿಗೆ ಈ ಬಾಯಿಮಾತಿನ ಬಿಡಿಸುವಿಕೆ ವಿಶೇಷವಾಗಿ ಬೇಕೆಂಬುದು ನನ್ನ ಅನುಭವ. ನಮ್ಮ ಲಿಪಿಯಲ್ಲಿ ವ್ಯಂಜನ ಮತ್ತು ಸ್ವರ ಒಂದೇ ಅಕ್ಷರದಲ್ಲಿ ಬೆಸೆದುಕೊಂಡಿರುತ್ತವೆ. ಕನ್ನಡ ಓದು ಕಲಿಯುವ ಮಕ್ಕಳಲ್ಲಿ ಬಿಡಿಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನವೂ ಹೇಳುತ್ತದೆ.

ತಂದೆ ಈ ಕೆಲಸಕ್ಕೆ ಸೇರಿಕೊಂಡದ್ದು ಕ್ರಿಕೆಟ್ಟಿನ ಮೂಲಕ. ಕನ್ನಡ ಪತ್ರಿಕೆಯ ಕ್ರೀಡಾ ಪುಟದಲ್ಲಿ ಬರುವ ಇಂಗ್ಲಿಷ್ ಪದಗಳನ್ನು ಹುಡುಕಿ, ಅವುಗಳ ಸ್ಪೆಲ್ಲಿಂಗ್ ಊಹಿಸಿ, ನಿಘಂಟಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವ ಆಟವನ್ನು ಭಾನುವಾರಗಳಂದು ಆಡಿಸುತ್ತಿದ್ದರು. ಬ್ಯಾಟಿಂಗ್ ಪದಕ್ಕೆ ಎರಡು ಟಿ ಇರುವುದನ್ನೂ ಬೌಲಿಂಗ್ ಪದಕ್ಕೆ ಎರಡು ಎಲ್ ಇಲ್ಲದಿರುವುದನ್ನೂ ಕಾರಣ ಸಹಿತ ವಿವರಿಸಿದ ದಿನ ಮಗು ಬಹಳ ಹೆಮ್ಮೆಪಟ್ಟಿತಂತೆ.

ಫಲ ಮತ್ತು ಉಳಿಕೆ

ಸಂಕ್ರಾಂತಿಯ ಹೊತ್ತಿಗೆ ಪದದ ಕೊನೆಯ ಅನಗತ್ಯ ಜೋಡಿಗಳು ಬಹುತೇಕ ನಿಂತಿದ್ದವು. ಶಾಪಿಂಗ್, ಕ್ಲ್ಯಾಪಿಂಗ್, ಸ್ಟಾಪ್ಡ್ ಪದಗಳು ಡಿಕ್ಟೇಷನ್ನಿನಲ್ಲಿ ಸರಿಯಾಗಿ ಬರುತ್ತಿದ್ದವು; ಕಥೆ ಬರೆಯುವ ಭರದಲ್ಲಿ ಮಾತ್ರ ಆಗಾಗ ತಪ್ಪುತ್ತಿದ್ದವು, ಹಾಗೆ ತಪ್ಪಿದಾಗ ಓದಿ ನೋಡಿ ತಾನೇ ತಿದ್ದಿಕೊಳ್ಳುತ್ತಿದ್ದಳು. ಮೂಕ ಇ ಬಿಟ್ಟುಹೋಗುವುದೂ ಕಡಿಮೆಯಾಗಿತ್ತು.

ಈ ನಿಯಮಗಳಿಗೆ ಸಂಬಂಧಿಸದ ತಪ್ಪುಗಳು ಎಂದಿನಂತೆಯೇ ಇದ್ದವು. ಮೀಟ್ ಪದವನ್ನು ಎರಡು ಇ ಹಾಕಿ ಬರೆಯಬೇಕೋ ಇ–ಎ ಹಾಕಿ ಬರೆಯಬೇಕೋ ಎಂಬುದನ್ನು ಧ್ವನಿಯ ನಿಯಮ ತೀರ್ಮಾನಿಸಲಾರದು, ಅರ್ಥವೇ ತೀರ್ಮಾನಿಸಬೇಕು. ಯೋಧ ಎಂಬರ್ಥದ ನೈಟ್ ಪದದ ಮೂಕ ಕೆ ಒಂದು ಕಾಲದಲ್ಲಿ ಉಚ್ಚಾರದಲ್ಲಿತ್ತು. ಉಚ್ಚಾರ ಬಿಟ್ಟುಹೋದರೂ ಬರವಣಿಗೆ ಉಳಿಯಿತು. 1966ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಹ್ಯಾನಾ ಮತ್ತು ಸಂಗಡಿಗರು ಧ್ವನಿ–ಅಕ್ಷರ ನಿಯಮಗಳನ್ನು ಕಂಪ್ಯೂಟರಿಗೆ ಕೊಟ್ಟು 17,000ಕ್ಕೂ ಹೆಚ್ಚು ಪದಗಳನ್ನು ಬರೆಸಿದಾಗ ಸುಮಾರು ಅರ್ಧದಷ್ಟು ಪದಗಳಷ್ಟೇ ಪೂರ್ತಿ ಸರಿಯಾಗಿ ಬಂದವು. ನಿಯಮ ಕಲಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಪೋಷಕರಿಗೆ ಭರವಸೆ ಕೊಡುವವರು ಈ ಅಂಕಿಯನ್ನು ನೆನಪಿಡುವುದು ಒಳ್ಳೆಯದು. ನಿಯಮವೇ ಇಲ್ಲ, ಎಲ್ಲವನ್ನೂ ಉರು ಹೊಡೆಯಬೇಕು ಎನ್ನುವವರಿಗೂ ಅದೇ ಅಂಕಿ ಉತ್ತರವಾಗುತ್ತದೆ.

ಎರಡು ಉಚ್ಚಾರಾಂಶಗಳ ಪದಗಳನ್ನು ಬೇಕೆಂದೇ ಮುಂದೂಡಲಾಯಿತು. ಬಿಗಿನಿಂಗ್ ಪದದಲ್ಲಿ ಎನ್ ಜೋಡಿಯಾಗುತ್ತದೆ, ಓಪನಿಂಗ್ ಪದದಲ್ಲಿ ಆಗುವುದಿಲ್ಲ. ಮೂಲ ಪದದಲ್ಲಿ ಉಚ್ಚಾರದ ಒತ್ತಡ ಕೊನೆಯ ಭಾಗದ ಮೇಲೆ ಬೀಳುತ್ತದೆಯೇ ಎಂಬುದೇ ಇದಕ್ಕೆ ಆಧಾರ. ಕನ್ನಡದಲ್ಲಿ ಅಂಥ ಒತ್ತಡದಿಂದ ಪದಗಳು ಬೇರೆಯಾಗುವುದಿಲ್ಲವಾದ್ದರಿಂದ ಇಲ್ಲಿ ಕನ್ನಡದ ಕಿವಿ ನೆರವಿಗೆ ಬರುವುದಿಲ್ಲ, ಟಿಕೆಟ್ಟು ಎನ್ನುವ ಬಾಯಿ ವಿಸಿಟಿಂಗ್ ಪದಕ್ಕೂ ಎರಡು ಟಿ ಬಯಸುತ್ತದೆ. ಟ್ರಾವೆಲಿಂಗ್ ಪದದ ಪಾಡು ಇನ್ನೂ ವಿಚಿತ್ರ: ನಮ್ಮ ಶಾಲೆಗಳು ಪಾಲಿಸುವ ಬ್ರಿಟಿಷ್ ರೂಢಿಯಲ್ಲಿ ಎರಡು ಎಲ್, ಅಮೆರಿಕದ ರೂಢಿಯಲ್ಲಿ ಒಂದು. ತಂದೆಯ ಮೊಬೈಲು ಮಗು ಸರಿಯಾಗಿ ಬರೆದ ಪದದ ಕೆಳಗೆ ಕೆಂಪು ಗೆರೆ ಎಳೆದಾಗ ಮನೆಯಲ್ಲಿ ಗೊಂದಲವಾಗಿ, ಕೊನೆಗೆ ಮೊಬೈಲಿನ ಭಾಷಾ ಆಯ್ಕೆಯನ್ನು ಬದಲಿಸಬೇಕಾಯಿತು. ಈ ಪದಗಳನ್ನು ಬೇಸಿಗೆ ರಜೆಯಲ್ಲಿ, ವೈ ಅಕ್ಷರ ಐ ಆಗುವ ಬೇಬಿ–ಬೇಬೀಸ್ ಮಾದರಿಯ ನಿಯಮ ಮುಗಿದ ನಂತರ ತೆಗೆದುಕೊಳ್ಳುವುದೆಂದು ತಾಯಿ ತೀರ್ಮಾನಿಸಿದರು. ಅದಕ್ಕೆ ಬೇಕಾದ ಕಾರ್ಡುಗಳನ್ನು ಮಗುವೇ ಬರೆಯತೊಡಗಿದೆ.